ಯೋಜನೆಗೆ ಹ್ಯಾಮ್‌ಸ್ಟ್ರಿಂಗ್

ವೇಗದ ಬೌಲರ್ ಪ್ರಸಿದ್ಧ ಕೃಷ್ಣ ಅವರದು 10 ಕೋಟಿಯ ಬೆನ್ನು. 2022ರ ಐಪಿಎಲ್ ಹರಾಜಿನಲ್ಲಿ ಆದ ದರ ಅದು. ಅದೇ ವರ್ಷ ಮೂಳೆ ಬಿರುಕು ಬಿಟ್ಟಾಗ ದಾಂಡೇಲಿಯ ಚಹಾದಂಗಡಿಯವರೆಗೂ ‘ಸ್ಟ್ರೆಸ್ ಫ್ರ್ಯಾಕ್ಚರ್’ ಬಾಯಿಪಾಠವಾಯಿತು. 2023ರ ಐಪಿಎಲ್ ಹೋಯಿತು. ತೊಡೆ ಕೈಕೊಟ್ಟಿತು, 2024ರದ್ದೂ ಹೋಯಿತು. ಎರಡು ಸಲ ಕತ್ತರಿಗೆ ಮೈಯೊಡ್ಡಿ ಎದ್ದುಬಂದವರು 2025ರಲ್ಲಿ 25 ವಿಕೆಟ್ ಕಿತ್ತು ಪರ್ಪಲ್ ಕ್ಯಾಪ್ ಹಾಕಿಕೊಂಡರು. ಮೈಸೂರಿನ ಶ್ರೀನಾಥ್ ಕೂಡ 1997ರಲ್ಲಿ ಭುಜ ಕೊಯ್ಸಿಕೊಂಡು, ಮತ್ತೆ ಓಡಿಬಂದು, 236 ಟೆಸ್ಟ್ ವಿಕೆಟ್‌ಗೇ ನಿಂತರು. ಅಮೆರಿಕದ ಬೇಸ್‌ಬಾಲಿನಲ್ಲಂತೂ 1974ರಲ್ಲಿ ಟಾಮಿ ಜಾನ್ ಎಂಬ ಪಿಚರನ ಮೊಣಕೈ ರಿಪೇರಿ ಮಾಡಿ, ಆ ಆಪರೇಷನ್ನಿಗೇ ಅವನ ಹೆಸರಿಟ್ಟರು. ಬೆಲೆಯಿದ್ದ ತೋಳನ್ನು ಜಗತ್ತು ಕಾಯುತ್ತದೆ.

ನಮ್ಮ ಕಡೆ ಗಾಯವಾಗುವುದು ಆಟಗಾರನಿಗಲ್ಲ, ಯೋಜನೆಗೆ.

1987ರಲ್ಲಿ ದಿಲ್ಲಿಗೆ ಜ್ಞಾನೋದಯವಾಯಿತು. ಹಳಿಯಾಳ, ಮುಂಡಗೋಡ, ಜೋಯಿಡಾದ ಕಾಡಂಚಿನ ಸಿದ್ದಿಗಳ ಹಿರಿಯರು ಆಫ್ರಿಕಾದವರಂತೆ, ಆಫ್ರಿಕಾದವರು ಓಡುತ್ತಾರಂತೆ, ಅಂದಮೇಲೆ ಒಲಿಂಪಿಕ್ ಪದಕ ಇಲ್ಲೇ ಎಲ್ಲೋ ಗದ್ದೆಬದುವಿನಲ್ಲಿ ಬಿದ್ದಿರಲೇಬೇಕು! (ಅದೇ ಜನರಿಗೆ ಪರಿಶಿಷ್ಟ ಪಂಗಡದ ಕಾಗದ ಕೊಡಲು ಮಾತ್ರ 2003ರವರೆಗೆ ಪುರುಸೊತ್ತಾಗಲಿಲ್ಲ. ಓಡಿಸುವಾಗ ನೆನಪಾದ ವಂಶ ಸರ್ಟಿಫಿಕೇಟ್ ಬರೆಯುವಾಗ ಮರೆತುಹೋಗಿತ್ತು.) ಕ್ರೀಡಾ ಪ್ರಾಧಿಕಾರ ಮಕ್ಕಳನ್ನು ಆರಿಸಿ ಕರೆದೊಯ್ದಿತು. ಮಕ್ಕಳು ಓಡಿದರು, ರಾಷ್ಟ್ರಮಟ್ಟದ ಪದಕಗಳನ್ನೂ ತಂದರು. 1993ರಲ್ಲಿ ಯೋಜನೆಯೇ ತೊಡೆ ಹಿಡಿದುಕೊಂಡು ಪೆವಿಲಿಯನ್ನಿಗೆ ನಡೆಯಿತು. ಆರು ವರ್ಷದ ಸ್ಪೆಲ್, ರಿಟೈರ್ಡ್ ಹರ್ಟ್. ಫಿಸಿಯೊ ಓಡಿಬರಲಿಲ್ಲ, ಟೀವಿಯಲ್ಲಿ ಬುಲೆಟಿನ್ ಬರಲಿಲ್ಲ. ಕೆಲವರಿಗೆ ಕ್ರೀಡಾ ಕೋಟಾದ ನೌಕರಿ ದಕ್ಕಿತು. ಉಳಿದವರು ಗದ್ದೆಗೆ, ಕೂಲಿಗೆ ಮರಳಿದರು. ಅವರ ಕಾಲಿಗೆ ಏನೂ ಆಗಿರಲಿಲ್ಲ ಎಂಬುದೇ ತಮಾಷೆ.

ಈಗ ಮುಂಡಗೋಡದಲ್ಲಿ ಬ್ರಿಡ್ಜಸ್ ಆಫ್ ಸ್ಪೋರ್ಟ್ಸ್ ಎಂಬ ಖಾಸಗಿ ಸಂಸ್ಥೆ ಸಿದ್ದಿ ಮಕ್ಕಳನ್ನು ಟ್ರ್ಯಾಕಿಗಿಳಿಸಿದೆ. ಸರ್ಕಾರ ಬಿಟ್ಟ ಓವರನ್ನು ಬೇರೆಯವರು ಮುಗಿಸುತ್ತಿದ್ದಾರೆ ಅನ್ನಿ. ಹಳಿಯಾಳಕ್ಕಂತೂ ಕುಸ್ತಿಯ ಹುಚ್ಚು ಬಿಟ್ಟಿಲ್ಲ. ಸಿದ್ದಿ ಹುಡುಗಿಯರೂ ಮಣ್ಣಿಗಿಳಿದು ಪಟ್ಟು ಹಾಕುತ್ತಾರೆ. ಅಲ್ಲಿ ಭುಜ ಜಾರಿದರೆ ಸ್ಕ್ಯಾನು, ಸರ್ಜನ್ನು, ರಿಹ್ಯಾಬು ಎಲ್ಲಾ ಆಮೇಲಿನ ಮಾತು. ಮೊದಲು ಬಿಸಿ ಎಣ್ಣೆ. ಅದಕ್ಕೂ ಬಗ್ಗದಿದ್ದರೆ ಧಾರವಾಡದ ಬಸ್ಸು. ಹುಡುಗಿಯಾದರೆ ಟಿಕೆಟ್ಟಿನ ಚಿಂತೆಯಿಲ್ಲ, ಶಕ್ತಿ ಯೋಜನೆ ಇದೆ. ಅದಕ್ಕಿನ್ನೂ ಹ್ಯಾಮ್‌ಸ್ಟ್ರಿಂಗ್ ಹಿಡಿದಿಲ್ಲ.