ದೀರ್ಘವಾಗಿ ಚರ್ಚಿಸಿ, ಸರ್ವಾನುಮತದಿಂದ

ಜಗತ್ತಿಗೆ ಸಂಸತ್ತು ಕಲಿಸಿದವರು ನಾವು. ಹನ್ನೆರಡನೇ ಶತಮಾನದಲ್ಲೇ ಕಲ್ಯಾಣದಲ್ಲಿ ಅನುಭವ ಮಂಟಪ ಕಟ್ಟಿ, ಮಡಿವಾಳ ಮಾಚಿದೇವ, ಅಂಬಿಗರ ಚೌಡಯ್ಯ, ಅಕ್ಕಮಹಾದೇವಿ ಎಲ್ಲರನ್ನೂ ಒಂದೇ ನೆಲದ ಮೇಲೆ ಕೂರಿಸಿ ಮಾತಾಡಿಸಿದವರು. ಇಷ್ಟು ದೊಡ್ಡ ಕೆಲಸ ಒಮ್ಮೆ ಮಾಡಿ ಮುಗಿಸಿದ ಮೇಲೆ ಪದೇಪದೇ ಸಭೆ ಸೇರುವ ದರ್ದು ನಮಗೇನಿದೆ? ಒಂಬೈನೂರು ವರ್ಷದ ಹಿಂದೆ ಆಡಿದ ಮಾತೇ ಇನ್ನೂ ಖರ್ಚಾಗಿಲ್ಲ. ಹಾಗಾಗಿ ಅದೇ ಬಸವಕಲ್ಯಾಣದ ಸುತ್ತಲಿನ ಎಷ್ಟೋ ಹಳ್ಳಿಗಳಲ್ಲಿ ಗ್ರಾಮಸಭೆ ಕಟ್ಟೆಯ ಮೇಲೆ ನಡೆಯುವುದಿಲ್ಲ, ಪುಸ್ತಕದಲ್ಲಿ ನಡೆಯುತ್ತದೆ.

ಯಾವ ಊರು ಎಂದು ಕೇಳಬೇಡಿ. ಹೈದರಾಬಾದ್ ಹೆದ್ದಾರಿಯ ರಾಜೇಶ್ವರದಲ್ಲಿ ಬಸ್ಸಿಳಿದು, ಸಿಕ್ಕ ಟಂಟಂ ಹತ್ತಿ, ಬಸವಕಲ್ಯಾಣದ ಕಡೆ ಹೋದರೂ ಸರಿ, ಹುಮನಾಬಾದಿನ ಕಡೆ ಹೋದರೂ ಸರಿ, ಅಂಥ ಒಂದು ಊರು ಎದುರಾಗುತ್ತದೆ. ಬೀದರ್ ಜಿಲ್ಲೆಗೇ ಮೀಸಲಾದ ಮಾಲೂ ಅಲ್ಲ ಇದು. ಚಾಮರಾಜನಗರದವರು ಓದಿದರೂ "ನಮ್ಮೂರಿನ ಮರ್ಯಾದೆ ತೆಗೆದಿರಿ" ಎಂದು ಜಗಳಕ್ಕೆ ಬರಬಹುದು. ಆದ್ದರಿಂದ ಆ ಊರಿಗೆ ಇಲ್ಲಿ ಹೆಸರಿಲ್ಲ. ಊರಿನವರಿಗೂ ಹೆಸರಿಲ್ಲ, ಹುದ್ದೆ ಮಾತ್ರ ಇದೆ.

ಕಟ್ಟಡದ ವಿಷಯದಲ್ಲಿ ಪ್ರಜಾಪ್ರಭುತ್ವಕ್ಕೆ ನಾವು ಯಾವತ್ತೂ ಕಡಿಮೆ ಮಾಡಿದವರಲ್ಲ. 2020ರ ಡಿಸೆಂಬರ್ 10ರಂದು ದೆಹಲಿಯಲ್ಲಿ ಹೊಸ ಸಂಸತ್ ಭವನಕ್ಕೆ ಅಡಿಗಲ್ಲು ಬಿತ್ತು. ಪ್ರಧಾನಿ ಮೋದಿ ಅಂದಿನ ಭಾಷಣದಲ್ಲಿ ನಮ್ಮ ಅನುಭವ ಮಂಟಪವನ್ನು ನೆನೆದರು. 2021ರ ಜನವರಿ 6ರಂದು ಬಸವಕಲ್ಯಾಣದಲ್ಲೇ ನೂತನ ಅನುಭವ ಮಂಟಪಕ್ಕೆ ಮುಖ್ಯಮಂತ್ರಿ ಯಡಿಯೂರಪ್ಪ ಅಡಿಗಲ್ಲು ಹಾಕಿದರು. ಅಂದಾಜು 500 ಕೋಟಿ ರೂಪಾಯಿ. ಕಲ್ಯಾಣದ ಶರಣರು ಅಂದರೆ ಅಮರಗಣಂಗಳು 770, ಅದಕ್ಕೆ ಕಂಬವೂ 770. ನಾಲ್ಕು ವಾರದೊಳಗೆ ಮಾತಿನ ಮನೆಗೆ ಎರಡು ಅಡಿಗಲ್ಲು! ನಡುವೆ 22 ಮತ್ತು 27ನೇ ತಾರೀಖು ರಾಜ್ಯದ ಗ್ರಾಮ ಪಂಚಾಯಿತಿಗಳಿಗೆ ಮತದಾನ ನಡೆಯಿತು. ಕೆಲವು ಕಡೆ ಸದಸ್ಯನ ಸ್ಥಾನವನ್ನೇ ಹರಾಜಿಗಿಟ್ಟರೆಂಬ ಸುದ್ದಿ ಬಂತು. ಹರಾಜಿನ ಹಣ ಗುಡಿ ಕಟ್ಟಲಿಕ್ಕೆ ಎಂದರು. ಅಂದರೆ ಅಲ್ಲೂ ಕಟ್ಟಡವೇ. ಈ ಕಟ್ಟಡಗಳೊಳಗೆ ಕೂತು ಜನ ಏನು ಮಾತಾಡಬೇಕು ಎಂಬುದು ಮಾತ್ರ ಎಂದಿನಂತೆ ಅಜೆಂಡಾದ ಕೊನೆಯ ಸಾಲಿಗೆ ಹೋಯಿತು: "ಅಧ್ಯಕ್ಷರ ಅಪ್ಪಣೆ ಮೇರೆಗೆ ಬರುವ ಇತರೆ ವಿಷಯಗಳು."

ಕಾನೂನಿಗೂ ಬರವಿಲ್ಲ. 1993ರ ಕರ್ನಾಟಕ ಪಂಚಾಯತ್ ರಾಜ್ ಕಾಯ್ದೆ ಮುಂದೆ ತಿದ್ದುಪಡಿಯಾಗಿ, ಹೆಸರಿನ ಮೇಲೆ "ಗ್ರಾಮ ಸ್ವರಾಜ್" ಎಂಬ ರುಮಾಲನ್ನೂ ಸುತ್ತಿಕೊಂಡಿದೆ. ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ಸೇರಬೇಕು, ಅದಕ್ಕೂ ಮೊದಲು ವಾರ್ಡ್ ಸಭೆ ಆಗಬೇಕು. ಕೋರಂ ಎಷ್ಟು? ಮತದಾರರಲ್ಲಿ ಹತ್ತನೇ ಒಂದು ಭಾಗ ಅಥವಾ 100 ಜನ, ಯಾವುದು ಕಡಿಮೆಯೋ ಅದು. ಬಂದವರಲ್ಲಿ ಶೇ 30ರಷ್ಟು ಹೆಂಗಸರಿರಬೇಕು. ಮನೆ ಯಾರಿಗೆ, ಗಟಾರು ಯಾವ ಓಣಿಗೆ, ಕಳೆದ ವರ್ಷದ ದುಡ್ಡು ಎಲ್ಲಿಗೆ ಹೋಯಿತು ಎಂಬುದೆಲ್ಲ ಈ ಸಭೆಯ ಮುಂದೆ ಬರಬೇಕು. ಕಾಯ್ದೆ ಬರೆದವರು ಪಾಪ, ಊರೊಳಗೆ ನೂರು ಜನ ಸಿಗುವುದು ಕಷ್ಟವೇನಲ್ಲ ಅಂದುಕೊಂಡಿದ್ದರು.

ಕಷ್ಟವೇನೂ ಇಲ್ಲ. ಜನರನ್ನು ಕರೆಯುವ ಬದಲು ಪುಸ್ತಕವನ್ನೇ ಜನರ ಬಳಿ ಕಳಿಸಿದರಾಯಿತು. ನೋಟಿಸನ್ನು ಪಂಚಾಯಿತಿ ಆಫೀಸಿನ ಒಳಗೋಡೆಗೆ ಅಂಟಿಸಿ ಹೊರಬಾಗಿಲಿಗೆ ಕೀಲಿ ಹಾಕುತ್ತಾರೆ. ಹಲಗಿ ಬಾರಿಸಿ ಸಾರಬೇಕಾದವನು ಅಂದು ಬೇರೆ ಊರಿನ ಮದುವೆಯಲ್ಲಿ ಹಲಗಿ ಬಾರಿಸುತ್ತಿರುತ್ತಾನೆ. ಸಭೆ ಮುಗಿದ ಮೂರನೇ ದಿನ ಪುಸ್ತಕ ಹಿಡಿದುಕೊಂಡು ಪಂಚಾಯಿತಿ ಹುಡುಗ ಹನುಮಂತದೇವರ ಕಟ್ಟೆಗೆ ಬರುತ್ತಾನೆ.

"ಮುತ್ಯಾ, ಇಲ್ಲೊಂದು ಹೆಬ್ಬಟ್ಟು ಒತ್ತು."

"ಏನದು ತಮ್ಮಾ?"

"ಗ್ರಾಮಸಭಾ."

"ಯಾವಾಗ ಅದ?"

"ಆಗ್ಯದ."

"ನಾ ಎಲ್ಲಿದ್ದೆ?"

"ನೀ ಬಂದಿದ್ದಿ. ಮಾತೂ ಆಡಿದಿ. ಇಲ್ಲಿ ಬರ್ದದ ನೋಡು."

"ಏನಂದೆ ನಾ?"

"ಒಪ್ಪಿಗಿ ಅದ ಅಂದಿ."

"ಛಲೋ ಮಾತಾಡೀನಿ ಬಿಡು. ಚಾ ಕೊಟ್ಟಿದ್ರೇನು ನನಗ?"

"ಚಾ, ಭಜಿ ಎರಡೂ ತಿಂದಿದಿ ಮುತ್ಯಾ. ಬಿಲ್ಲಿನ್ಯಾಗ ಅದ."

ಮುತ್ಯಾನ ಹೆಬ್ಬಟ್ಟು ಬಿದ್ದ ಮೇಲೆ ನಡವಳಿ ಪುಸ್ತಕದ ಭಾಷೆ ಅರಳುತ್ತದೆ. "ಸಭೆಯು ಸದರಿ ವಿಷಯವನ್ನು ದೀರ್ಘವಾಗಿ ಚರ್ಚಿಸಿ ಸರ್ವಾನುಮತದಿಂದ ಠರಾಯಿಸಿತು." ಈ ಒಂದು ಸಾಲಿನ ಮೇಲೆ ನಮ್ಮ ಗ್ರಾಮ ಸ್ವರಾಜ್ಯ ನಿಂತಿದೆ. ಎಷ್ಟು ದೀರ್ಘವಾಗಿ ಚರ್ಚಿಸಿದರು? ಸಾಲು ಬರೆಯಲು ಎಷ್ಟು ಹೊತ್ತು ಬೇಕೋ ಅಷ್ಟು. ಸರ್ವಾನುಮತ ಹೇಗೆ ಬಂತು? ಬಾರದವರು ವಿರೋಧಿಸುವುದು ಹೇಗೆ? ದೇಶದ ಯಾವ ಸದನಕ್ಕೂ ದಕ್ಕದ ಈ ಒಗ್ಗಟ್ಟು ನಮ್ಮ ಊರುಗಳಿಗೆ ವರ್ಷವರ್ಷವೂ ದಕ್ಕುತ್ತಿದೆ.

ಇದರ ಫಲ ನೋಡಬೇಕೆಂದರೆ ಊರ ನಡುವಿನ ಸಿಸಿ ರಸ್ತೆಗೆ ಬನ್ನಿ. ಓಣಿಗೆ ಸಿಸಿ ರಸ್ತೆ ಬೇಕೆಂದು ಸರ್ವಾನುಮತದಿಂದ ಠರಾವಾಯಿತು. ರಸ್ತೆ ಬಂತು, ಅದರ ಮೇಲೆ ಫಲಕವೂ ಬಂತು. ಸಿಮೆಂಟು ಒಣಗುವಷ್ಟರಲ್ಲಿ ಮನೆಮನೆಗೆ ನಲ್ಲಿ ಬಂತು. ಜಲ ಜೀವನ್ ಮಿಷನ್ ಘೋಷಣೆಯಾದದ್ದು 2019ರ ಆಗಸ್ಟ್ 15ರಂದು. ಪೈಪು ಬರಲಿದೆ ಎಂಬುದು ದೇಶಕ್ಕೆಲ್ಲ ಗೊತ್ತಿತ್ತು, ರಸ್ತೆ ಮಾಡಿದ ಗುತ್ತೇದಾರನೊಬ್ಬನನ್ನು ಬಿಟ್ಟು. ರಸ್ತೆ ಅಗೆಯಲು ಸರ್ವಾನುಮತ ಸಿಕ್ಕಿತು. ಅಗೆದ ಕಡೆ ತೇಪೆ ಹಾಕಲು ಮತ್ತೊಂದು ಸರ್ವಾನುಮತ. ಒಂದೇ ರಸ್ತೆಗೆ ಮೂರು ಬಿಲ್ಲು, ಮೂರೂ ಸಲ ಮುತ್ಯಾ ಒಪ್ಪಿಗಿ ಅದ ಅಂದಿದ್ದಾನೆ. ನಲ್ಲಿಯಲ್ಲಿ ನೀರು ಬಂತೋ ಇಲ್ಲವೋ ಎಂಬ ಪ್ರಶ್ನೆ ಅಜೆಂಡಾದಲ್ಲಿರಲಿಲ್ಲ. ಅಧ್ಯಕ್ಷರ ಅಪ್ಪಣೆಯೂ ಸಿಗಲಿಲ್ಲ.

ಅಧ್ಯಕ್ಷರು ಅಂದೆನಲ್ಲ, ಅವರ ವಿಷಯಕ್ಕೆ ಬರೋಣ. ಅನುಭವ ಮಂಟಪದಲ್ಲಿ ಅಲ್ಲಮಪ್ರಭು ಕೂತದ್ದು ಶೂನ್ಯ ಸಿಂಹಾಸನದ ಮೇಲೆ. ಆ ಪರಂಪರೆಯನ್ನು ನಿಷ್ಠೆಯಿಂದ ಉಳಿಸಿಕೊಂಡದ್ದು ನಮ್ಮ ಪಂಚಾಯಿತಿಗಳೇ. ಅರ್ಧದಷ್ಟು ಸ್ಥಾನ ಹೆಂಗಸರಿಗೆ ಎಂದು ಕಾಯ್ದೆ ಹೇಳಿದ ಮೇಲೆ ಅಧ್ಯಕ್ಷೆಯ ಕುರ್ಚಿ ಖಾಲಿ, ಪಕ್ಕದ ಪ್ಲಾಸ್ಟಿಕ್ ಕುರ್ಚಿ ಭರ್ತಿ. ಅಲ್ಲಿ ಅವರ ಯಜಮಾನರು ಕೂತಿರುತ್ತಾರೆ. ಫೈಲು ಅವರ ಮುಂದೆ, ಫೋನು ಅವರ ಕಿವಿಯಲ್ಲಿ, ಫ್ಲೆಕ್ಸಿನಲ್ಲಿ ಅವರದೇ ದೊಡ್ಡ ಫೋಟೋ. ಅಧ್ಯಕ್ಷೆಯ ಫೋಟೋ ಮೂಲೆಯಲ್ಲಿ, ತಲೆ ಮೇಲೆ ಸೆರಗು ಹೊದ್ದುಕೊಂಡು ಕೈ ಮುಗಿದಿರುತ್ತದೆ. ಯಾರಿಗೆ ಕೈ ಮುಗಿದಿದ್ದಾರೆ ಎಂಬುದನ್ನು ನೀವೇ ಊಹಿಸಿಕೊಳ್ಳಿ.

ಕಲ್ಯಾಣದಲ್ಲಿ ಆಯ್ದಕ್ಕಿ ಲಕ್ಕಮ್ಮ ಎಂಬಾಕೆ ಇದ್ದಳು. ಗಂಡ ಮಾರಯ್ಯ ಅಂದಂದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಈ ಆಸೆ ನಮಗೇಕೆ ಎಂದು ತಿರುಗಿ ಕಳಿಸಿದವಳು. ಇಂದು ಅವಳೇನಾದರೂ ಪಂಚಾಯಿತಿ ಅಧ್ಯಕ್ಷೆಯಾಗಿದ್ದರೆ? ಮಾರಯ್ಯನೇ ಚೆಕ್ಕಿಗೆ ಸಹಿ ಮಾಡಿಸಿಕೊಳ್ಳುತ್ತಿದ್ದ. ಹೆಚ್ಚುವರಿ ಅಕ್ಕಿಗೆ ಗೋದಾಮು ಕಟ್ಟಿಸುವ ಠರಾವು ಸರ್ವಾನುಮತದಿಂದ ಪಾಸಾಗುತ್ತಿತ್ತು. ಅವಳ ಹೆಸರಿನ ಸ್ವಾಗತ ಕಮಾನು ಊರ ಬಾಗಿಲಲ್ಲಿ ಎದ್ದು ನಿಲ್ಲುತ್ತಿತ್ತು.

ನಮ್ಮ ಜನ ಸಭೆಯನ್ನೇ ಮರೆತವರು ಎಂದು ಯಾರೂ ತಪ್ಪು ತಿಳಿಯಬಾರದು. ಜಾತ್ರೆ ಕಮಿಟಿಯ ಮೀಟಿಂಗಿಗೆ ಬಂದು ನೋಡಿ. ಕರೆಯದೆ ಬರುತ್ತಾರೆ, ಕೂರಲು ಜಾಗವಿರುವುದಿಲ್ಲ. ತೇರಿಗೆ ಯಾವ ಬಣ್ಣ, ಪಲ್ಲಕ್ಕಿ ಯಾವ ಓಣಿಯಿಂದ ಮೊದಲು ಹೋಗಬೇಕು, ಕುಸ್ತಿಯ ಕೊನೆಯ ಜೋಡಿಗೆ ಬೆಳ್ಳಿ ಕಡಗವೋ ರೊಕ್ಕವೋ, ಒಂದೊಂದಕ್ಕೂ ಗಂಟೆಗಟ್ಟಲೆ ವಾದ. ಸರ್ವಾನುಮತದ ಮಾತೇ ಇಲ್ಲ. ಹೋದ ವರ್ಷದ ಪಟಾಕಿ ಲೆಕ್ಕದಲ್ಲಿ ಇನ್ನೂರು ರೂಪಾಯಿ ತಾಳೆಯಾಗದಿದ್ದರೆ ಎರಡು ಮನೆತನ ಮಾತು ಬಿಡುತ್ತವೆ. ಇನ್ನು ದೇಣಿಗೆ! ಯಾರು 51 ಕೊಟ್ಟರು, ಯಾರು 101 ಕೊಟ್ಟರು ಎಂದು ಮೈಕಿನಲ್ಲಿ ತಂದೆಯ ಹೆಸರು ಸಮೇತ ರಾತ್ರಿಯೆಲ್ಲ ಕೂಗುತ್ತಾರೆ. ನಿದ್ದೆ ಬಾರದೆ ಹೊರಳುವ ಪಕ್ಕದೂರಿನವರಿಗೂ ನಮ್ಮ ದೇವರ ಜಮಾಖರ್ಚು ಬಾಯಿಪಾಠ.

ಅದೇ ಮೈಕು ಪಂಚಾಯಿತಿ ಲೆಕ್ಕದ ದಿನ ಯಾಕೋ ಕೆಟ್ಟಿರುತ್ತದೆ. ಲಕ್ಷ ಲಕ್ಷ ರೂಪಾಯಿ ಸದ್ದಿಲ್ಲದೆ ಬಂದು ಸದ್ದಿಲ್ಲದೆ ಹೋಗುತ್ತದೆ. ಜಮಾಬಂದಿ ಎಂಬ ನಿಜಾಮರ ಕಾಲದ ಗಟ್ಟಿ ಪದವೇನೋ ಉಳಿದಿದೆ. ಊರಿನ ಮುಂದೆ ವರ್ಷಕ್ಕೊಮ್ಮೆ ಪಂಚಾಯಿತಿ ಲೆಕ್ಕ ಬಿಚ್ಚಬೇಕು ಎಂಬ ನಿಯಮವೂ ಉಳಿದಿದೆ. ಬಿಚ್ಚುವವರು ಆಫೀಸಿನೊಳಗೆ, ನೋಡಬೇಕಾದವರು ಹೊಲದಲ್ಲಿ. ದೇವರಿಗೆ ಕೊಟ್ಟ 51 ರೂಪಾಯಿಗೆ ರಸೀದಿ ಕೇಳುವ ಜನ, ತಮ್ಮ ತೆರಿಗೆಯಿಂದ ಬಂದ ಲಕ್ಷಕ್ಕೆ ಲೆಕ್ಕ ಕೇಳುವುದಿಲ್ಲ. ಕೇಳಿದರೆ? "ಅವ್ರ ಪಾರ್ಟಿಯಂವಾ ಅದಾನ, ಅದಕ್ಕ ಹಾಂಗ ಮಾತಾಡ್ತಾನ" ಎಂದು ಒಂದೇ ಏಟಿಗೆ ಬಾಯಿ ಮುಚ್ಚಿಸುತ್ತಾರೆ.

ಸಭೆ ನಡೆಸಲು ಬರದ ಪ್ರಾಣಿಗಳನ್ನು ನೋಡಬೇಕಿದ್ದರೆ ಇಂಗ್ಲೆಂಡಿಗೆ ಹೋಗಬೇಕು. ಅಲ್ಲಿಯ ಹಳ್ಳಿಗಳಿಗೆ ಪ್ಯಾರಿಷ್ ಕೌನ್ಸಿಲ್ ಎಂಬ ಪಂಚಾಯಿತಿ 1894ರ ಕಾಯ್ದೆಯಿಂದ ಬಂದದ್ದು. ನಮ್ಮ ಅನುಭವದ ಮುಂದೆ ನಿನ್ನೆಯ ಕೂಸು. ದೆಹಲಿಯಲ್ಲಿ ಸಂಸತ್ತಿಗೆ ಅಡಿಗಲ್ಲು ಬಿದ್ದ ಅದೇ 2020ರ ಡಿಸೆಂಬರ್ 10ರಂದು, ಚೆಶೈರಿನ ಹ್ಯಾಂಡ್‌ಫೋರ್ತ್ ಎಂಬ ಊರಿನ ಕೌನ್ಸಿಲ್ ಝೂಮ್‌ನಲ್ಲಿ ಸಭೆ ಸೇರಿತು. ಸಭೆ ಕರೆದದ್ದೇ ಕಾನೂನುಬಾಹಿರ ಎಂದು ಅಧ್ಯಕ್ಷರ ತಕರಾರು. ನಡೆಸಿಕೊಡಲು ಬಂದಿದ್ದ ಜಾಕಿ ವೀವರ್ ಎಂಬಾಕೆಗೆ ಇಲ್ಲಿ ಯಾವ ಅಧಿಕಾರವೂ ಇಲ್ಲ ಎಂದು ಕೂಗಾಟ. ಆಕೆ ಅಧ್ಯಕ್ಷರನ್ನೇ ಸಭೆಯಿಂದ ಹೊರಗೆ ಹಾಕಿದರು. ನಿಯಮ ಓದಿಕೊಳ್ಳಿ ಎಂದು ಇನ್ನೊಬ್ಬ ಸದಸ್ಯರು ಅರಚಿದರು. 2021ರ ಫೆಬ್ರವರಿಯಲ್ಲಿ ಆ ವಿಡಿಯೊ ಲೋಕವೆಲ್ಲ ಸುತ್ತಿತು, ಲೋಕವೆಲ್ಲ ನಕ್ಕಿತು.

ನಾವೂ ನಕ್ಕೆವು. ಆದರೆ ಆ ನಗೆಯಲ್ಲಿ ಒಂದು ಸಂಗತಿ ಮರೆತುಹೋಯಿತು. ಆ ಮೂರ್ಖರು ಸಭೆಗೆ ಬಂದಿದ್ದರು. ನಿಯಮ ಎಂಬುದೊಂದು ಇದೆ ಎಂದು ನಂಬಿ, ಅದರ ಮೇಲೆ ಗಂಟಲು ಹರಿದುಕೊಂಡರು. ಅವರ ಜಗಳದ ವಿಡಿಯೊ ಉಳಿಯಿತು, ನಮ್ಮ ಸರ್ವಾನುಮತಕ್ಕೆ ವಿಡಿಯೊ ಇಲ್ಲ. ನಮ್ಮಲ್ಲಿ ಇರುವುದು ಫೋಟೋ ಒಂದೇ: ಮುಂದೆ ನಾಲ್ಕು ಖಾಲಿ ಕುರ್ಚಿ, ಹಿಂದೆ ಬ್ಯಾನರು, ನಡುವೆ ನೋಡಲ್ ಅಧಿಕಾರಿ. ಹೋದ ಸಲದ ಫೋಟೋಕ್ಕೂ ಈ ಸಲದ ಫೋಟೋಕ್ಕೂ ಅಂಗಿ ಕೂಡ ಬದಲಾಗಿರುವುದಿಲ್ಲ.

ಇಷ್ಟಕ್ಕೂ ಜನ ಯಾಕೆ ಬರುವುದಿಲ್ಲ? ಹೋದವರಿಗೆ ಗೊತ್ತು. ಕೂಲಿ ಬಿಟ್ಟು, ತೊಗರಿ ರಾಶಿ ಬಿಟ್ಟು ಬಂದ ಹೆಣ್ಣುಮಗಳೊಬ್ಬಳು "ನನ್ನ ಮನಿ ಬಿದ್ದದ ಸಾಹೇಬ್ರ" ಎಂದರೆ, "ಮ್ಯಾಲ ಕಳಸೀವಿ ಬಾಯಿ, ಕುಂದ್ರು" ಎಂಬ ಉತ್ತರ ಸಿಗುತ್ತದೆ. ಮೇಲೆ ಎಂದರೆ ಎಲ್ಲಿ ಎಂದು ಅವಳಿಗೆ ಯಾರೂ ಹೇಳುವುದಿಲ್ಲ. ಸಭೆ ಆರಿಸಬೇಕಾದ ಫಲಾನುಭವಿಗಳ ಪಟ್ಟಿ ಯಜಮಾನರ ಜೇಬಿನಲ್ಲಿ ಟೈಪಾಗಿ ಕೂತಿರುತ್ತದೆ. ಮುಂದಿನ ಸಲ ಅವಳು ಬರುವುದಿಲ್ಲ. ದುಡಿಯುವ ಹುಡುಗರು ಹೈದರಾಬಾದಿನಲ್ಲಿ, ಪುಣೆಯಲ್ಲಿ ಇದ್ದಾರೆ. ಊರಲ್ಲಿ ಉಳಿದವನು ಮುತ್ಯಾ, ಅವನ ಹೆಬ್ಬಟ್ಟು ಯಾವಾಗಲೂ ತಯಾರು. ಹೀಗೆ ಜನ ಬರುವುದಿಲ್ಲ ಎಂದು ಸಭೆ ಇಲ್ಲ, ಸಭೆ ನಡೆಯುವುದಿಲ್ಲ ಎಂದು ಜನರಿಲ್ಲ. ಇಬ್ಬರಿಗೂ ಸಮಾಧಾನ, ಗುತ್ತೇದಾರನಿಗೆ ಇನ್ನೂ ಹೆಚ್ಚು.

2019ರಲ್ಲಿ ಹೈದರಾಬಾದ್ ಕರ್ನಾಟಕದ ಹೆಸರು ಕಳಚಿ ಕಲ್ಯಾಣ ಕರ್ನಾಟಕವಾದೆವು. 2024ರ ಜನವರಿಯಲ್ಲಿ ಸರ್ಕಾರ ಬಸವಣ್ಣನನ್ನು ಕರ್ನಾಟಕದ ಸಾಂಸ್ಕೃತಿಕ ನಾಯಕ ಎಂದು ಘೋಷಿಸಿತು. ಸರ್ಕಾರಿ ಕಚೇರಿಗಳಲ್ಲಿ ಈಗ ಅವನ ಭಾವಚಿತ್ರವಿದೆ. ಪಂಚಾಯಿತಿ ಆಫೀಸಿನ ಗೋಡೆಯಿಂದ ಅವನು ದಿನವೂ ನೋಡುವುದು ಆ ನಡವಳಿ ಪುಸ್ತಕವನ್ನೇ. 770 ಕಂಬದ ಮಂಟಪ ಏಳಲಿ, ಬೇಡ ಎನ್ನುವುದಿಲ್ಲ. ಆದರೆ ಅದರ ಸುತ್ತಲಿನ ಊರುಗಳಲ್ಲಿ ನೂರು ಜನ ಕೂತು ಒಂದು ಗಟಾರಿನ ಬಗ್ಗೆ ಮಾತಾಡಲಾಗದಿದ್ದರೆ ಅದು ಪ್ರವಾಸಿಗರು ಸೆಲ್ಫಿ ತೆಗೆಯುವ ಜಾಗ, ಅಷ್ಟೇ.

ಮಂಟಪಕ್ಕೆ ಕೋಟಿ ಬೇಕು, ಗ್ರಾಮಸಭೆಗೆ ನೂರು ಜನ ಸಾಕು. ಮುಂದಿನ ಸಲ ಪುಸ್ತಕ ನಿಮ್ಮ ಕಟ್ಟೆಗೆ ಬಂದಾಗ ಸಹಿ ಹಾಕುವ ಮೊದಲು ಗಟ್ಟಿಯಾಗಿ ಓದಿ ಹೇಳಲು ಕೇಳಿ. ಓದಲು ಹಿಂಜರಿದರೆ ಸಹಿ ಹಾಕಬೇಡಿ. ಸಭೆ ಯಾವತ್ತು ಎಂದು ಪಂಚಾಯಿತಿಗೆ ಹೋಗಿ ಕೇಳಿ, ಆ ದಿನ ಜಾತ್ರೆಯ ಮೈಕು ಹೊತ್ತುಕೊಂಡು ಬನ್ನಿ. ಲೆಕ್ಕ ಅದರಲ್ಲಿ ಕೂಗಲಿ, ಪಕ್ಕದೂರಿನವರಿಗೂ ಕೇಳಿಸಲಿ.