ಬುರುಡೆಗೆ ಬಿದ್ದ ಬಿರಡೆ

ನಮ್ಮಂಥವರಿಗೆ ಬ್ರಾಂದಿಯ ಪರಿಚಯ ಆಗುವುದೇ ನೆಗಡಿಯಿಂದ. ಗೋಡೆಯ ಗೂಡಿನಲ್ಲಿ ಅಮೃತಾಂಜನದ ಹಿಂದೆ ಬಚ್ಚಿಟ್ಟ ಪುಟ್ಟ ಸೀಸೆ, ಚಳಿಜ್ವರ ಬಂದರೆ ಜೇನಿನ ಜೊತೆ ಅರ್ಧ ಚಮಚ, ‘ಇದು ಔಷಧಿ, ಯಾರಿಗೂ ಹೇಳಬೇಡ’ ಎಂಬ ಎಚ್ಚರಿಕೆ. ಶಾಂಪೇನಿನ ಪರಿಚಯ ಟೀವಿಯಿಂದ. ಕಾರ್ ರೇಸ್ ಗೆದ್ದವನು ಬಾಟಲಿಯನ್ನು ಗಡಗಡ ಅಲ್ಲಾಡಿಸಿ ಪಕ್ಕದವನ ಮುಖಕ್ಕೆ ಚಿಮ್ಮಿಸುತ್ತಾನಲ್ಲ, ಅದು. ಒಂದನ್ನು ಕದ್ದು ಕುಡಿಯಬೇಕು, ಇನ್ನೊಂದನ್ನು ಎಲ್ಲರೆದುರು ಎರಚಬೇಕು. ನನ್ನ ಪಾಂಡಿತ್ಯ ಇಷ್ಟೇ. ನಿಮ್ಮದೂ ಇದಕ್ಕಿಂತ ಹೆಚ್ಚೇನಿರಲಾರದು ಎಂಬ ಧೈರ್ಯದ ಮೇಲೆ ಮುಂದಿನದನ್ನು ಹೇಳುತ್ತೇನೆ.

ಫ್ರಾನ್ಸಿನಲ್ಲಿ ಕೆಲಸಕ್ಕಿರುವ ನನ್ನ ಭಾವಮೈದುನ ಹಿಂದೊಮ್ಮೆ ರಜಕ್ಕೆ ಬಂದಾಗ ಎರಡು ಬಾಟಲಿ ತಂದುಕೊಟ್ಟಿದ್ದ: ಒಂದು ಶಾಂಪೇನ್, ಒಂದು ಕಾನ್ಯಾಕ್. ಎರಡನೆಯದು ಆ ಹೆಸರಿನ ಊರಿನ ಸುತ್ತಮುತ್ತ ಮಾತ್ರ ತಯಾರಾಗುವ ಬ್ರಾಂದಿ. ‘ಇಷ್ಟೊಳ್ಳೆಯದನ್ನು ಸುಮ್ಮನೆ ಕುಡಿದು ಹಾಳುಮಾಡುವುದೇ?’ ಎಂದು ನಾನು ನನ್ನ ನಿವೃತ್ತಿಯ ದಿನಕ್ಕೆ ಕಾದಿರಿಸಿದೆ. ಹಳೆಯದಾದಷ್ಟೂ ರುಚಿ ಹೆಚ್ಚುತ್ತದಂತೆ ಎಂದು ಎಲ್ಲೋ ಕೇಳಿದ್ದರಿಂದ ಶಾಂಪೇನನ್ನು ಅಡುಗೆಮನೆಯ ಅಟ್ಟಕ್ಕೆ, ಗ್ಯಾಸ್ ಒಲೆಯ ನೆತ್ತಿಗೆ ಸರಿಯಾಗಿ ಏರಿಸಿದೆ. ಬ್ರಾಂದಿಯನ್ನು ಇಡ್ಲಿಹಿಟ್ಟಿನ ಪಕ್ಕ ಫ್ರಿಜ್ಜಿನಲ್ಲಿಟ್ಟೆ.

ಎರಡೂ ತಲೆಕೆಳಗು. ಬ್ರಾಂದಿಗೆ ವಯಸ್ಸಾಗುವುದು ಓಕ್ ಮರದ ಪೀಪಾಯಿಯಲ್ಲಿದ್ದಾಗ ಮಾತ್ರ. ಗಾಜಿನ ಬಾಟಲಿಗೆ ಇಳಿದ ಕ್ಷಣವೇ ಅದರ ಗಡಿಯಾರ ನಿಲ್ಲುತ್ತದೆ. ಹತ್ತು ವರ್ಷ ಫ್ರಿಜ್ಜಿನಲ್ಲಿದ್ದರೂ ಅದಕ್ಕೆ ಒಂದು ದಿನದ ಅನುಭವವೂ ಸೇರುವುದಿಲ್ಲ. ಶಾಂಪೇನಿನ ತಪಸ್ಸು ನಡೆಯುವುದಾದರೋ ಬಾಟಲಿಯೊಳಗೇ. ಆದರೆ ಎಲ್ಲಿ? ರೀಮ್ಸ್, ಎಪರ್ನೇ ಊರುಗಳ ಕೆಳಗೆ ಸುಣ್ಣದ ಬಂಡೆ ಕೊರೆದು ಮಾಡಿದ ತಣ್ಣನೆಯ ನೆಲಮಾಳಿಗೆಗಳಲ್ಲಿ, ಕಡಿಮೆಯೆಂದರೂ 15 ತಿಂಗಳು. ನಮ್ಮ ಅಟ್ಟದಲ್ಲಿ ಅದು ಬೆಂಗಳೂರಿನ ಬೇಸಿಗೆಗಳನ್ನೂ ಕುಕ್ಕರಿನ ಸೀಟಿಗಳನ್ನೂ ಸಹಿಸಿಕೊಂಡು, ಒಳಗೊಳಗೇ ಸಿಟ್ಟು ಬೆಳೆಸುತ್ತ ಕೂತಿತ್ತು.

ಮಾರ್ಚ್ 31ಕ್ಕೆ ಬ್ಯಾಂಕಿನಿಂದ ನಿವೃತ್ತನಾದೆ. ಏಪ್ರಿಲ್ ಮೊದಲ ಭಾನುವಾರ ಸಹೋದ್ಯೋಗಿಗಳು ಸಂಸಾರ ಸಮೇತ ಊಟಕ್ಕೆ ಬಂದರು. ಭಾವಮೈದುನನೂ ಹಾಜರಿರಲೆಂದು ವಿಡಿಯೋ ಕಾಲ್ ಮಾಡಿ ಮೊಬೈಲನ್ನು ನೀರಿನ ಜಗ್ಗಿಗೆ ಒರಗಿಸಿದ್ದೆವು. ಸಭೆ ಸಿಕ್ಕರೆ ಬುರುಡೆ ಬಿಡದೆ ಇರಲಾರದ ಜಾಯಮಾನ ನನ್ನದು. ಶಾಂಪೇನನ್ನು ಎತ್ತಿ ಹಿಡಿದು, ‘ದ್ರಾಕ್ಷಾರಸಕ್ಕೆ ಸೋಡಾ ಹೊಡೆದರೆ ಇದು, ಬೆಲ್ಲ ಹಾಕಿ ಕೊಳೆಸಿದರೆ ಬ್ರಾಂದಿ’ ಎಂದು ಉಪನ್ಯಾಸ ಶುರುಮಾಡಿಯೇಬಿಟ್ಟೆ.

ಜಗ್ಗಿನ ಬುಡದಿಂದ ಕ್ಷೀಣವಾಗಿ ಧ್ವನಿ ಬಂತು. ‘ಭಾವಾ, ಸೋಡಾ ಅಲ್ಲ ಭಾವ...’

ಮೊದಲು ಹುಳಿಹುಳಿಯಾದ ಸಾದಾ ವೈನ್ ಮಾಡುತ್ತಾರಂತೆ. ಬಾಟಲಿಗೆ ತುಂಬುವಾಗ ಅದಕ್ಕೆ ಒಂದಿಷ್ಟು ಸಕ್ಕರೆ, ಒಂದಿಷ್ಟು ಯೀಸ್ಟ್ ಸೇರಿಸಿ ಭದ್ರವಾಗಿ ಮುಚ್ಚುತ್ತಾರಂತೆ. ಯೀಸ್ಟು ಸಕ್ಕರೆ ತಿಂದು ಗ್ಯಾಸ್ ಬಿಡುತ್ತದೆ; ಹೊರಗೆ ಹೋಗಲು ದಾರಿಯಿಲ್ಲದೆ ಆ ಗ್ಯಾಸು ವೈನಿನಲ್ಲೇ ಕರಗುತ್ತದೆ. ಕೊನೆಗೆ ಬಾಟಲಿಗಳನ್ನು ತಲೆಕೆಳಗಾಗಿಸಿ, ದಿನವೂ ಒಂಚೂರು ತಿರುಗಿಸುತ್ತ ಸತ್ತ ಯೀಸ್ಟಿನ ಗಸಿಯನ್ನು ಕುತ್ತಿಗೆಗೆ ಇಳಿಸಿ, ಆ ಭಾಗವನ್ನಷ್ಟೇ ಹೆಪ್ಪುಗಟ್ಟಿಸಿ ಹೊರಕ್ಕೆ ಹಾರಿಸುತ್ತಾರೆ. ಬೆಲ್ಲದ ವಿಷಯದಲ್ಲಿ ಮಾತ್ರ ನಾನು ಪೂರ್ತಿ ಸೋಲಲಿಲ್ಲ. ನಮ್ಮಲ್ಲಿ ಸಿಗುವ ಎಷ್ಟೋ ಅಗ್ಗದ ಬ್ರಾಂದಿಗೆ ಮೂಲ ದ್ರಾಕ್ಷಿಯಲ್ಲ, ಕಬ್ಬಿನ ಕಾಕಂಬಿಯಿಂದ ಇಳಿಸಿದ ಸ್ಪಿರಿಟ್ಟು. ಈ ಒಂದು ಅಂಕ ಗಿಟ್ಟಿದ ಹುಮ್ಮಸ್ಸೇ ಮುಂದಿನ ಅನಾಹುತಕ್ಕೆಲ್ಲ ಕಾರಣ.

‘ಗಸಿ’ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಕೆಮ್ಮಿನ ಸಿರಪ್ಪಿನ ಬಾಟಲಿಯ ಮೇಲೆ ಬರೆದಿರುವುದು ನೆನಪಾಗಿ, ಶಾಂಪೇನನ್ನು ಎರಡೂ ಕೈಯಲ್ಲಿ ಹಿಡಿದು ಚೆನ್ನಾಗಿ ಅಲ್ಲಾಡಿಸಿದೆ. ಮೊಬೈಲಿನಲ್ಲಿ ಭಾವಮೈದುನ ಕುರ್ಚಿಯಿಂದ ಎದ್ದು ನಿಂತದ್ದು ಕಂಡಿತು. ಗೌರವಕ್ಕೆ ನಿಂತನೆಂದುಕೊಂಡೆ. ಮುಚ್ಚಳಕ್ಕೆ ತಂತಿಯ ಮುಖವಾಡ ಬಿಗಿದಿತ್ತು. 1844ರಲ್ಲಿ ಜಾಕ್ಸನ್ ಎಂಬ ಶಾಂಪೇನ್ ವ್ಯಾಪಾರಿ ಪೇಟೆಂಟ್ ಪಡೆದ ಉಪಾಯದ ಸಂತಾನ ಅದು. ಕಿವಿ ಹಿಡಿದು ತಿರುಗಿಸಿದರೆ ಸಲೀಸಾಗಿ ಬಿಚ್ಚಿಕೊಳ್ಳುತ್ತದೆ. ನಾನು ಇಕ್ಕಳ ತರಿಸಿದೆ. ತಂತಿ ಕತ್ತರಿಸಿ, ಬಾಟಲಿಯನ್ನು ತೊಡೆಗಳ ಮಧ್ಯೆ ಇರುಕಿಕೊಂಡು, ಬಿರಡೆ ಕೀಳುವ ತಿರುಪು ಹಿಡಿದು ಬಗ್ಗಿದೆ.

ಒಳಗಿನ ಒತ್ತಡ ಕಾರಿನ ಟೈರಿನಲ್ಲಿರುವುದರ ಎರಡು-ಮೂರು ಪಟ್ಟಂತೆ, ಅದೂ ಬಾಟಲಿ ತಣ್ಣಗಿದ್ದಾಗಿನ ಲೆಕ್ಕ. ತಿರುಪು ತಾಗುವ ಮೊದಲೇ ‘ಢಂ’ ಎಂದಿತು. ಬಿರಡೆ ನನ್ನ ಮೂಗಿಗೆ ಗಾಳಿ ಬೀಸಿಕೊಂಡು ಮೇಲೆ ಹೋಗಿ, ಫ್ಯಾನಿನ ರೆಕ್ಕೆಗೆ ಬಡಿದು, ಅಲ್ಲಿಂದ ಟ್ಯೂಬ್‌ಲೈಟಿಗೆ ಹೋಗಿ ಅದನ್ನು ಆರಿಸಿ, ಕತ್ತಲಲ್ಲೂ ಕರಾರುವಾಕ್ಕಾಗಿ ನನ್ನ ನೆತ್ತಿಯ ಮೇಲೇ ಇಳಿಯಿತು. ಮೂವತ್ತು ಚಿಲ್ಲರೆ ವರ್ಷ ಸಾಲಗಾರರ ಮುಂದೆ ಒಮ್ಮೆಯೂ ತಗ್ಗದ ತಲೆ! ನೊರೆ ನನ್ನ ಹೊಸ ಜುಬ್ಬವನ್ನೂ, ಸನ್ಮಾನದ ಶಾಲನ್ನೂ, ‘ನಿಷ್ಕಳಂಕ ಸೇವೆ’ ಎಂದು ಕೆತ್ತಿದ ಫಲಕವನ್ನೂ ತೊಯ್ಯಿಸಿತು. ನನ್ನವಳು ಮಾತಾಡದೆ, ಮಳೆಗಾಲದಲ್ಲಿ ಸೋರುವ ಕಡೆ ಇಡುವ ಬೋಗುಣಿಯನ್ನೇ ತಂದು ಕೆಳಗಿಟ್ಟಳು. ಮುಕ್ಕಾಲು ಬಾಟಲಿ ಅದಕ್ಕೆ ಸೇರಿತು.

ಮೇಣದಬತ್ತಿ ಹಚ್ಚಿದ್ದಾಯಿತು. ಮಾನ ಉಳಿಸಿಕೊಳ್ಳಲು ನನಗಿದ್ದದ್ದು ಕಾನ್ಯಾಕ್ ಒಂದೇ. ಅದರ ಗುಣವೇ ಬೇರೆ. ಶಾಂಪೇನ್ ಗ್ಯಾಸನ್ನು ಕಟ್ಟಿಹಾಕಿ ಹುಟ್ಟಿಸಿದ್ದು. ಇದು ಬೆಂಕಿಯಲ್ಲಿ ಬೇಯಿಸಿ ಇಳಿಸಿದ್ದು. ಅದೇ ಬಗೆಯ ಹುಳಿ ವೈನನ್ನು ತಾಮ್ರದ ಹಂಡೆಯಲ್ಲಿ ಎರಡು ಸಲ ಭಟ್ಟಿ ಇಳಿಸಿದರೆ, ಸುಮಾರು 9 ಲೀಟರಿಗೆ ಒಂದು ಲೀಟರ್ ದಕ್ಕುತ್ತದೆ. ಹುಟ್ಟುವಾಗ ನೀರಿನಷ್ಟು ತಿಳಿ, ಬಾಯಿಗಿಟ್ಟರೆ ಕೆಂಡ. ಬಣ್ಣ, ನಯ, ಗಾಂಭೀರ್ಯ ಎಲ್ಲ ಓಕ್ ಪೀಪಾಯಿಯಲ್ಲಿ ಕನಿಷ್ಠ 2 ವರ್ಷ ಮಲಗಿದ ಮೇಲೆ ಬರುವುದು. ಆ ಸೀಮೆಯಲ್ಲಿ ಭಟ್ಟಿಯ ಕೆಲಸವನ್ನು ಮಾರ್ಚ್ 31ರೊಳಗೆ ಮುಗಿಸಲೇಬೇಕೆಂಬ ಕಾನೂನಿದೆ ಎಂದು ಕೇಳಿ ನಮ್ಮ ಬ್ಯಾಂಕಿನವರೆಲ್ಲ ಭಾವುಕರಾದರು. ಇಯರ್ ಎಂಡಿಂಗಿನ ಸಂಕಟ ಅಲ್ಲಿಯೂ ಉಂಟಲ್ಲ!

ನಾನು ಫ್ರಿಜ್ಜಿನಿಂದ ತೆಗೆದು ಕಾಫಿಲೋಟದ ಅಂಚಿನವರೆಗೂ ಬಗ್ಗಿಸಿ ಕೊಟ್ಟೆ. ಎಲ್ಲರೂ ಮೂಸಿದರು. ವಾಸನೆಯೇ ಇಲ್ಲ, ಸ್ವಲ್ಪ ಇಡ್ಲಿಹಿಟ್ಟಿನ ನೆನಪು ಮಾತ್ರ. ‘ತಣ್ಣಗಿದ್ದರೆ ಅದು ಬಾಯೇ ಬಿಡಲ್ಲ ಭಾವ, ಸ್ವಲ್ಪ ಬೆಚ್ಚಗಾಗಬೇಕು’ ಎಂದ ಭಾವಮೈದುನ. ಅಂಗೈಯಲ್ಲಿ ಲೋಟ ಹಿಡಿದು ಕೂತಿರಿ ಎಂಬುದು ಅವನ ಅರ್ಥ. ಬೆಚ್ಚಗೆ ತಾನೇ, ನಮ್ಮ ಮನೆಯಲ್ಲಿ ಒಲೆಗೇನು ಬರ ಎಂದುಕೊಂಡು ನಾನು ಎಲ್ಲರ ಲೋಟದಿಂದಲೂ ವಾಪಸು ಪಡೆದು, ಒಗ್ಗರಣೆ ಬಾಣಲೆಗೆ ಸುರಿದು ಉರಿ ಹೆಚ್ಚಿಸಿದೆ.

ನೂರಕ್ಕೆ 40 ಭಾಗ ಆಲ್ಕೋಹಾಲ್. ಎರಡು ಸಲವಷ್ಟೇ ಭಟ್ಟಿ ಕಾಣಬೇಕಾದ ಕಾನ್ಯಾಕ್ ನಮ್ಮ ಅಡುಗೆಮನೆಯಲ್ಲಿ ಮೂರನೆಯ ಸಲ ಭಟ್ಟಿಗೆ ಬಿತ್ತು, ಅದೂ ಏಪ್ರಿಲ್ ತಿಂಗಳಲ್ಲಿ, ಫ್ರೆಂಚ್ ಕಾನೂನು ಮುರಿದು. ಆವಿಗೆ ಉರಿ ತಗುಲಿ ಭಗ್ಗೆಂದಿತು. ಪೀಪಾಯಿಯಿಂದ ವರ್ಷಕ್ಕೆ ನೂರಕ್ಕೆ ಸುಮಾರು 2 ಭಾಗ ಆವಿಯಾಗಿ ಹೋಗುವುದನ್ನು ಅಲ್ಲಿಯವರು ದೇವತೆಗಳ ಪಾಲು ಎನ್ನುತ್ತಾರಂತೆ. ಐವತ್ತು ವರ್ಷದ ಬಾಕಿಯನ್ನು ನಾನು ಬಡ್ಡಿ ಸಮೇತ ಅರೆಗಳಿಗೆಯಲ್ಲಿ ಚುಕ್ತಾ ಮಾಡಿದೆ. ಜೊತೆಗೆ ನನ್ನ ಎಡಹುಬ್ಬನ್ನೂ ಅರ್ಪಿಸಿದೆ. ನೀಲಿ ಜ್ವಾಲೆ ಕಿಟಕಿಯ ಪರದೆ ಹಿಡಿದು ಹತ್ತುತ್ತಿದ್ದಂತೆ ಮೊಬೈಲಿನಿಂದ ‘ಅಕ್ಕಾ! ಅಕ್ಕಾ!’ ಎಂಬ ಕೂಗು. ಅಕ್ಕ ನಿರುದ್ವಿಗ್ನವಾಗಿ ಒಲೆ ಆರಿಸಿದಳು, ಬಾಣಲೆಗೆ ತಟ್ಟೆ ಮುಚ್ಚಿದಳು, ಬೋಗುಣಿ ಎತ್ತಿ ಪೂರ್ತಿ ಶಾಂಪೇನನ್ನು ಪರದೆಗೆ ಎರಚಿದಳು. ‘ಚುಂಯ್’ ಎಂದು ಬೆಂಕಿ ನಂದಿತು. ಕಿಟಕಿಯ ಕೆಳಗಿಟ್ಟಿದ್ದ ಹಣ್ಣಿನ ರಸಾಯನಕ್ಕೆ ಮಿಕ್ಕಿದ್ದೆಲ್ಲ ಸುರಿಯಿತು.

ಬೇರೆ ಏನೂ ಉಳಿದಿರಲಿಲ್ಲವಾದ್ದರಿಂದ ಆ ರಸಾಯನವನ್ನೇ ಬಡಿಸಿದೆವು. ಜನ ಎರಡನೆಯ ಸಲ ಹಾಕಿಸಿಕೊಂಡರು. ‘ಇದಕ್ಕೇನಂತಾರೆ ಸಾರ್?’ ಎಂದು ನಮ್ಮ ಹೆಡ್ ಕ್ಯಾಷಿಯರ್ ಕೇಳಿದಾಗ ಬೆಂದ ಹುಬ್ಬನ್ನು ಏರಿಸಿ, ಬಾಯಿಗೆ ಬಂದದ್ದೊಂದು ಫ್ರೆಂಚ್ ಹೆಸರು ಹೇಳಿದೆ. ಮೊನ್ನೆ ಅವರ ಫೋನ್ ಬಂತು. ಮಗಳ ಹುಟ್ಟುಹಬ್ಬಕ್ಕೆ ಅದನ್ನೇ ಮಾಡಬೇಕಂತೆ. ‘ಸಾಮಾನೆಲ್ಲ ತಂದಾಯ್ತು ಸಾರ್. ಪರದೆ ಮಾತ್ರ ಕಾಟನ್‌ದೇ ಆಗಬೇಕಾ, ಪಾಲಿಯೆಸ್ಟರ್ ನಡೆಯುತ್ತಾ?’