ದುಂಡಗಿದ್ದ ಮಾತ್ರಕ್ಕೆ ದಾಯಾದಿಗಳೇ?

ಅಕ್ಕ, ಆ ಔಷಧಿ ಬಾಟ್ಲಿ ಕೆಳಗಿಡಿ! ಕೊಳೆತ ಎಲೆ ಮೇಲೆ ಸಾಸಿವೆಗಿಂತ ಸಣ್ಣಕೆ, ದುಂಡುದುಂಡಗೆ ಓಡಾಡ್ತಿವೆಯಲ್ಲ, ಅವು ಸ್ಪ್ರಿಂಗ್‌ಟೇಲ್. ಹೆಚ್ಚಾಗಿ ಬೂಷ್ಟು, ಪಾಚಿ, ಕೊಳೆತ ಸೊಪ್ಪು ತಿಂದ್ಕೊಂಡಿರ್ತವೆ. ಪೈರಿಗೆ ಬಾಯಿ ಹಾಕೋವೂ ಇಲ್ಲದಿಲ್ಲ. ಯುರೋಪಿಂದ ಆಸ್ಟ್ರೇಲಿಯಾಕ್ಕೆ ಹೋದ ಸ್ಮಿಂಥ್ಯೂರಸ್ ವಿರಿಡಿಸ್ ಅಲ್ಲಿ ಕುದುರೆಮಸಾಲೆ ಸೊಪ್ಪನ್ನ ಕೆರೆದು ತಿಂದು ರೈತರನ್ನ ಗೋಳಾಡಿಸುತ್ತೆ. ಅದೊಂದರ ತಪ್ಪಿಗೆ ಇಡೀ ಕುಲಕ್ಕೆ ಶಿಕ್ಷೆ ಬೇಡ.

ಕಾಲು ಆರಿದ್ರೂ ಇವನ್ನ ಈಗ ಕೀಟಗಳ ಸಾಲಿಗೆ ಸೇರಿಸಲ್ಲ, ಬಾಯಿಯ ಭಾಗಗಳು ತಲೆಯೊಳಗೇ ಅಡಗಿರ್ತವೆ ಅಂತ. ಹೊಟ್ಟೆಯಡಿ ಒಂದು ಕವಲುಬಾಲ ಮಡಚಿ ಸಿಕ್ಕಿಸಿಕೊಂಡಿರುತ್ತೆ. ಕೊಂಡಿ ಬಿಚ್ಚಿತೋ, ಚಂಗನೆ ಮೇಲಕ್ಕೆ. ಡಿಸಿರ್ಟೊಮಿನ ಮಿನೂಟ ಅನ್ನೋದು ಹಾರುವಾಗ ಸೆಕೆಂಡಿಗೆ 368 ಸುತ್ತಿನ ವೇಗದಲ್ಲಿ ಹಿಂಲಾಗ ಹಾಕುತ್ತೆ ಅಂತ 2024ರಲ್ಲಿ ಕ್ಯಾಮೆರಾ ಇಟ್ಟು ಅಳೆದಿದ್ದಾರೆ. ಎಂಥ ಜೀವ ನೋಡಿ!

ನನಗೆ ಅದಕ್ಕಿಂತ ಚೆಂದ ಅನ್ಸೋದು ಇವುಗಳ ವಂಶಾವಳಿ. 1901ರಲ್ಲಿ ಕಾರ್ಲ್ ಬೋರ್ನರ್ ಅನ್ನೋ ವಿಜ್ಞಾನಿ ಸ್ಪ್ರಿಂಗ್‌ಟೇಲ್‌ಗಳಲ್ಲಿ ಉದ್ದನೆಯವನ್ನ ಒಂದು ಕಡೆ, ದುಂಡಗಿರೋವನ್ನ ಸಿಂಫಿಪ್ಲಿಯೋನ ಅಂತ ಇನ್ನೊಂದು ಕಡೆ ಹಾಕಿದ. ದುಂಡಗಿದ್ದರೆ ಒಂದೇ ಮನೆಯವು ಅಂತ ಯಾರಿಗಾದ್ರೂ ಅನ್ಸುತ್ತೆ. ಆದ್ರೆ ದುಂಡಗಾದ ಬಗೆ ನೋಡಬೇಕಲ್ವಾ ಅಕ್ಕ? ಸಿಂಫಿಪ್ಲಿಯೋನದಲ್ಲಿ ಎದೆಯೂ ಹೊಟ್ಟೆಯ ಮೊದಲ ನಾಲ್ಕು ಖಂಡಗಳೂ ಬೆಸೆದು ಗುಂಡಾಗಿವೆ. ನೀಲಿಡೇ ಅನ್ನೋ ಕುಟುಂಬದಲ್ಲಿ ಎದೆಯೇ ಉಬ್ಬಿ ದುಂಡಗಾಗಿದೆ. ಕಣ್ಣೇ ಇಲ್ಲ, ಮೀಸೆ ತಲೆಗಿಂತ ಗಿಡ್ಡ, ಮೈಯಂತೂ ಒಂದು ಮಿಲಿಮೀಟರೂ ಇಲ್ಲ. 1971ರಲ್ಲಿ ಮಸೂದ್ ಅನ್ನೋ ವಿಜ್ಞಾನಿ ಇವನ್ನ ನೀಲಿಪ್ಲಿಯೋನ ಅಂತ ಬೇರೆ ಮನೆ ಮಾಡಿಸಿದ. ಸರಿಯಾದ ಕೆಲಸ! ಈಗ ಒಟ್ಟು ನಾಲ್ಕು ಗಣ, ದುಂಡನೆಯವಕ್ಕೇ ಎರಡು. ಅವುಗಳ ನಂಟು ಎಷ್ಟು ಹತ್ತಿರದ್ದು ಅಂತ ಡಿಎನ್‌ಎ ನೋಡೋರು ಇನ್ನೂ ವಾದ ಮಾಡ್ತಿದ್ದಾರೆ.

ಕುಟುಂಬ ಗುರುತಿಸೋಕೂ ಬಣ್ಣ ನಂಬಬಾರದು, ಒಂದೇ ಜಾತೀಲೂ ಬಣ್ಣ ಬೇರೆಬೇರೆ ಇರುತ್ತೆ. ಉಗುರು, ಬಾಲದ ತುದಿ, ಹೆಣ್ಣಿನ ಗುದದ ಹತ್ತಿರದ ಪುಟ್ಟ ಉಪಾಂಗ, ಇವನ್ನೆಲ್ಲ ಸೂಕ್ಷ್ಮದರ್ಶಕದಲ್ಲೇ ನೋಡಬೇಕು. ಸ್ಮಿಂಥ್ಯೂರಿಡಿಡೇ ಕುಟುಂಬದ ಗಂಡಿನ ಗುರುತಂತೂ ಮೀಸೇಲೇ ಇದೆ: ಅದು ಕೊಕ್ಕೆಯಂತೆ ಬಾಗಿ ಹೆಣ್ಣಿನ ಮೀಸೆಯನ್ನ ಹಿಡ್ಕೊಳ್ಳುತ್ತೆ, ಅವಳು ಅವನನ್ನ ಎತ್ಕೊಂಡೇ ತಿರುಗ್ತಾಳೆ.

ನನ್ನ ಭೂತಗನ್ನಡಿ ಬೇಲಿ ಮೇಲಿಂದ ಕೊಡ್ತೀನಿ, ತಗೊಳ್ಳಿ. ಮೊದಲು ಮೀಸೆ ನೋಡಿ. ತಲೆಗಿಂತ ಉದ್ದವಿದ್ದು, ಕೆನ್ನೆ ಮೇಲೆ ಕಪ್ಪು ಕಣ್ಣಿನ ಚುಕ್ಕೆ ಕಂಡ್ರೆ ಅದು ಸಿಂಫಿಪ್ಲಿಯೋನವೇ.